ದಾಕ್ಷಾಯಣಮ್ಮ ಟೀಚರ್ ಕೊಟ್ಟ ಹೇಳಿಕೆ

ನವೆಂಬರ್ 16, ಭಾನುವಾರ

ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಾಮಪತ್ರ ಹಾಕುವುದು ಮುಗಿಯಿತು. ಡಿಸೆಂಬರ್ ಹದಿನಾಲ್ಕಕ್ಕೆ ಮತದಾನ. ನಮ್ಮ ಕ್ಷೇತ್ರದಲ್ಲಿ ಮೂವರು ನಿಂತಿದ್ದಾರೆ. ಹಿಂದಿನ ಸಲ ಸದಸ್ಯರಾಗಿದ್ದ ಪುಟ್ಟರಾಜು, ಎದುರು ಪಕ್ಷದಿಂದ ವಕೀಲೆ ಭಾನುಪ್ರಿಯಾ, ಪಕ್ಷೇತರರಾಗಿ ನಿವೃತ್ತ ಪಶುವೈದ್ಯ ಗಂಗಯ್ಯ.

ನಮ್ಮ ಯಜಮಾನರು ಬದುಕಿದ್ದಷ್ಟು ಕಾಲ ಒಂದೇ ಗುರುತಿಗೆ ಓಟು ಹಾಕಿದರು. ಯಾಕೆ ಎಂದರೆ "ನಮ್ಮಪ್ಪ ಹಾಕ್ತಿದ್ದ" ಎನ್ನುವರು. ನಿಮ್ಮಪ್ಪ ಯಾಕೆ ಹಾಕುತ್ತಿದ್ದರು ಎಂದರೆ ತಟ್ಟೆ ಸರಿಸಿ ಎದ್ದು ಹೋಗುವರು. ಅವರ ಪಕ್ಷದವರು ಏನು ಮಾಡಿದರೂ ಅದಕ್ಕೊಂದು ಕಾರಣವಿರುತ್ತಿತ್ತು, ಎದುರು ಪಕ್ಷದವರು ಏನು ಮಾಡಿದರೂ ಅದರಲ್ಲೊಂದು ಕುತಂತ್ರವಿರುತ್ತಿತ್ತು. ಮೂವತ್ತನಾಲ್ಕು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿದವಳು ನಾನು. ಹಾಗೆ ಮಾಡಲಾರೆ.

ಈ ಸಲ ಬೇರೆ ದಾರಿ ಹಿಡಿಯುತ್ತೇನೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹಾಸನಕ್ಕೆ ಹೋಗುತ್ತಿದ್ದಾಗ ಉತ್ತರ ಪತ್ರಿಕೆಯ ಮೇಲೆ ಹೆಸರು, ಶಾಲೆ ಏನೂ ಇರುತ್ತಿರಲಿಲ್ಲ. ಬರೀ ಒಂದು ಸಂಖ್ಯೆ. ಯಾರ ಮಗ, ಯಾವ ಊರು ಎಂದು ತಿಳಿಯದೆ ಅಂಕ ಹಾಕಬೇಕು. ಅಭ್ಯರ್ಥಿಗಳಿಗೂ ಹಾಗೇ ಯಾಕೆ ಹಾಕಬಾರದು?

ಸಂಜೆ ಶಾಂತಿಗೆ ಹೇಳಿದೆ. ನನ್ನ ಹಳೇ ವಿದ್ಯಾರ್ಥಿನಿ, ಈಗ ನಮ್ಮೂರ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ವಾರಕ್ಕೆ ನಾಲ್ಕು ಸಲವಾದರೂ ಬಂದು ಕೂತು ಹೋಗುತ್ತಾಳೆ. ನನಗೆ ಮಂಡಿ ನೋವು ಶುರುವಾದ ಮೇಲೆ ಹೊಳೆನರಸೀಪುರದಿಂದ ಮಾತ್ರೆ ತಂದುಕೊಡುವವಳೂ ಅವಳೇ.

"ಚೆನ್ನಾಗದೆ ಟೀಚರ್. ಮೂವರ ಬಗ್ಗೆನೂ ನಾನೇ ಬರ್ಕಂಡು, ಎಸರು ಕತ್ತರ್ಸಿ ಕೊಡ್ತೀನಿ. ಆದ್ರೆ ಒಂದ್ ಮಾತು. ಎಸರು ಗೊತ್ತಾದ್ ಮ್ಯಾಲೆ ಅಂಕ ತಿದ್ದಂಗಿಲ್ಲ."

"ತಿದ್ದೋಳು ನಾನಲ್ಲಮ್ಮ" ಎಂದೆ.

ಐದು ಪ್ರಶ್ನೆ, ಒಂದಕ್ಕೆ ಇಪ್ಪತ್ತು ಅಂಕ. ಹಿಂದೆ ಮಾಡಿದ್ದೇನು. ಮಾಡುತ್ತೇನೆಂದು ಹೇಳಿ ಮಾಡದೆ ಬಿಟ್ಟದ್ದೇನು. ಈಗ ಹೇಳುತ್ತಿರುವುದನ್ನು ಹೇಗೆ ಮಾಡುತ್ತಾರೆ. ಮೇಲಿರುವ ಮೊಕದ್ದಮೆಗಳೇನು. ತಪ್ಪಾದಾಗ ತಪ್ಪು ಎಂದು ಒಪ್ಪಿಕೊಂಡದ್ದುಂಟೇ. ಕೊನೆಯದು ಶಾಂತಿಯ ಪ್ರಶ್ನೆ. ನನಗೆ ಹೊಳೆದಿರಲಿಲ್ಲ.

ನವೆಂಬರ್ 19, ಬುಧವಾರ

ಶಾಂತಿ ಮೂರು ಹಾಳೆ ತಂದಳು. ಎರಡು ದಿನ ತಾಲ್ಲೂಕು ಕಚೇರಿಗೆ ಅಲೆದು, ಹಳೇ ಪತ್ರಿಕೆ ತಿರುವಿ ಹಾಕಿ ಬರೆದಿದ್ದಳು. ಹೆಸರಿಲ್ಲ, ಪಕ್ಷವಿಲ್ಲ, ಗಂಡಸೋ ಹೆಂಗಸೋ ಎಂಬುದೂ ಇಲ್ಲ. "ಈ ವ್ಯಕ್ತಿ" ಎಂದಷ್ಟೇ. ಒಂದೂವರೆ ಗಂಟೆ ಕೂತು ಓದಿ ಅಂಕ ಹಾಕಿದೆ. ಮೊದಲನೆಯ ಹಾಳೆಗೆ ಅರವತ್ತನಾಲ್ಕು, ಎರಡನೆಯದಕ್ಕೆ ಮೂವತ್ತೇಳು, ಮೂರನೆಯದಕ್ಕೆ ನಲವತ್ತೊಂಬತ್ತು.

ಆಮೇಲೆ ಹೆಸರು ಹೇಳಿದಳು. ಅರವತ್ತನಾಲ್ಕು ಭಾನುಪ್ರಿಯಾಗೆ ಬಂದಿತ್ತು. ನನಗೆ ಆಕೆಯ ಮಾತಿನ ಧಾಟಿಯೇ ಸೇರುವುದಿಲ್ಲ, ಕೈ ಬೀಸಿ ಬೀಸಿ ಮಾತಾಡುತ್ತಾಳೆ. ಹೆಸರು ಕಂಡಿದ್ದರೆ ಐವತ್ತೂ ಕೊಡುತ್ತಿರಲಿಲ್ಲವೇನೋ. ಹೆಸರು ಮುಚ್ಚಿದ್ದು ಅದಕ್ಕೇ ಅಲ್ಲವೇ.

ಪುಟ್ಟರಾಜುಗೆ ಮೂವತ್ತೇಳು. ಅಂಕ ಹೋದದ್ದು ನೀರಿನ ಘಟಕದಿಂದ. ಅವರು ಸದಸ್ಯರಾಗಿದ್ದಾಗ ನಮ್ಮೂರಿಗೆ ಬಂದ ಶುದ್ಧ ನೀರಿನ ಘಟಕಕ್ಕೆ ಮೂರು ವರ್ಷದಿಂದ ಬೀಗ. ಶಾಂತಿಯ ತಮ್ಮ ನಾಗೇಶ ಪಂಚಾಯಿತಿಯಲ್ಲಿ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದಾನೆ, ವಿವರವೆಲ್ಲ ಅವನೇ ಕೊಟ್ಟದ್ದು. ಘಟಕ ಎಂದರೆ ನನಗೆ ಯಾರೆಂದು ಗೊತ್ತಾಗಿಬಿಡುತ್ತದೆಂದು ಶಾಂತಿ "ಒಂದು ಕಾಮಗಾರಿ" ಎಂದು ಬರೆದಿದ್ದಳು. ಜಾಣೆ.

ನವೆಂಬರ್ 21, ಶುಕ್ರವಾರ

ಬೆಳಿಗ್ಗೆ ಪುಟ್ಟರಾಜು ಅವರ ಮಗ ಹರ್ಷವರ್ಧನ್ ಬಂದಿದ್ದ. ಅವನೂ ನನ್ನ ವಿದ್ಯಾರ್ಥಿಯೇ. ಈಗ ಹಾಸನದಲ್ಲಿ ಟ್ರ್ಯಾಕ್ಟರ್ ಷೋರೂಮ್ ಇದೆ. ಕಾರು ಬೀದಿ ಕೊನೆಯಲ್ಲಿ ನಿಲ್ಲಿಸಿ ನಡೆದು ಬಂದು ಕಾಲು ಮುಟ್ಟಿದ.

"ಟೀಚರ್, ನಮ್ಮಪ್ಪಂಗೆ ಮೂವತ್ತೇಳು ಕೊಟ್ರಂತೆ. ಊರೆಲ್ಲ ಹೇಳ್ಕೊಂಡ್ ನಗ್ತಾ ಇದೆ."

ನನಗೆ ಇರುಸುಮುರುಸಾಯಿತು. ಅವನೇ ನಕ್ಕ. "ಮೂವತ್ತೈದಕ್ಕೆ ಪಾಸಲ್ವಾ ಟೀಚರ್? ನನಗೆ ನೀವು ಯಾವತ್ತೂ ಅಷ್ಟು ಕೊಡ್ಲಿಲ್ಲ."

ನಾನೂ ನಕ್ಕೆ. ಜಗಳಕ್ಕೆ ಬಂದವನಲ್ಲ. ಅಂಕ ತಿದ್ದಿ ಎಂದು ಒಂದು ಸಲವೂ ಹೇಳಲಿಲ್ಲ. ಹೊರಡುವಾಗ ಹೇಳಿದ: "ಕಡಿಮೆ ಎಲ್ಲಿ ಬಿತ್ತು ಅಂತ ಹೇಳಿದ್ರೆ ತಿದ್ಕೋತೀವಿ. ಪ್ರಣಾಳಿಕೆ ಮಾಡ್ತಾ ಇದೀವಿ. ಶಾಲೆ ವಿಷಯ ನಮಗೇನು ಗೊತ್ತು? ಆ ಭಾಗ ನೀವೇ ಬರ್ಕೊಡಿ. ನೀವು ಬರೆದಂಗೇ ಹಾಕ್ತೀವಿ."

ನಿವೃತ್ತಿಯಾಗಿ ಆರು ವರ್ಷ. ಇಷ್ಟು ದಿನದಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಬರೆದುಕೊಡುವುದರಲ್ಲಿ ತಪ್ಪಿಲ್ಲ. ಭಾನುಪ್ರಿಯಾ ಬಂದು ಕೇಳಿದರೂ ಬರೆದುಕೊಡುತ್ತೇನೆ.

ನವೆಂಬರ್ 24, ಸೋಮವಾರ

ಎರಡು ಪುಟ ಬರೆದೆ. ಹುಡುಗಿಯರ ಶೌಚಾಲಯ, ಗಣಿತ ಶಿಕ್ಷಕರ ಖಾಲಿ ಹುದ್ದೆ, ಸಂಜೆ ಬಸ್ಸು. ಕೊಟ್ಟುಬರಲು ಅವರ ಮನೆಗೆ ಹೋದೆ. ಹಜಾರದಲ್ಲಿ ಮೂವತ್ತು ನಲವತ್ತು ಜನ. ಪುಟ್ಟರಾಜು ಎದ್ದು ಬಂದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ಲೇ, ಟೀಚರ್‌ಗೆ ಮೊದ್ಲು ಕಾಫಿ ಕೊಡ್ರಲಾ" ಎಂದು ಒಳಗೆ ಕೂಗಿದರು. ಒರಟು ಮನುಷ್ಯ, ಆದರೆ ಓದಿದವರ ಮೇಲೆ ಗೌರವವಿದೆ.

ಅಲ್ಲಿ ಕೂತಿದ್ದಾಗ ಒಂದು ಸಂಗತಿ ಕಣ್ಣಾರೆ ಕಂಡೆ. ಅರಕಲಗೂಡಿಗೆ ಒಂದು ಫೋನು ಮಾಡಿ ಯಾರದೋ ಟ್ರಾನ್ಸ್‌ಫಾರ್ಮರ್ ಕೆಲಸ ಹತ್ತು ನಿಮಿಷದಲ್ಲಿ ಮಾಡಿಸಿದರು. ನನ್ನ ಐದು ಪ್ರಶ್ನೆಗಳಲ್ಲಿ ಕೆಲಸ ಮಾಡಿಸಿಕೊಳ್ಳುವ ಶಕ್ತಿಗೆ ಅಂಕವೇ ಇರಲಿಲ್ಲ. ಅದು ಪ್ರಶ್ನೆಪತ್ರಿಕೆಯ ದೋಷ. ಮನೆಗೆ ಬಂದು ಆರನೆಯ ಪ್ರಶ್ನೆ ಸೇರಿಸಿದೆ. ತಪ್ಪೊಪ್ಪಿಕೊಳ್ಳುವ ಪ್ರಶ್ನೆಗೆ ಇಪ್ಪತ್ತು ಹೆಚ್ಚಾಯಿತೆಂದು ಐದಕ್ಕೆ ಇಳಿಸಿ, ಉಳಿದ ಹದಿನೈದನ್ನು ಇದಕ್ಕೆ ಕೊಟ್ಟೆ. ಪುಟ್ಟರಾಜು ಐವತ್ತು, ಭಾನುಪ್ರಿಯಾ ಐವತ್ತೆರಡು. ಅಂಕ ನಾನು ತಿದ್ದಿಲ್ಲ. ಪ್ರಶ್ನೆಪತ್ರಿಕೆಯನ್ನು ಮಾತ್ರ ಸರಿಮಾಡಿದ್ದೇನೆ.

ನವೆಂಬರ್ 27, ಗುರುವಾರ

ಪ್ರಣಾಳಿಕೆ ಅಚ್ಚಾಗಿ ಬಂದಿದೆ. "ಶಿಕ್ಷಣ: ಮಾರ್ಗದರ್ಶನ ಶ್ರೀಮತಿ ದಾಕ್ಷಾಯಣಮ್ಮ, ನಿವೃತ್ತ ಶಿಕ್ಷಕಿ." ಕಾಗದ ಚೆನ್ನಾಗಿದೆ. ಚನ್ನರಾಯಪಟ್ಟಣದ ತಂಗಿಗೆ ಫೋಟೋ ಕಳಿಸಿದೆ.

ಶಾಂತಿ ಬಂದಾಗ ಟೀಪಾಯಿಯ ಮೇಲಿತ್ತು. ನಿಂತೇ ಓದಿದಳು.

"ನೀರಿನ ಘಟಕದ ಇಚಾರ ಇದ್ರಲ್ಲಿ ಒಂದ್ ಮಾತೂ ಇಲ್ವಲ್ಲ ಟೀಚರ್."

"ನಾನು ಬರೆದದ್ದು ಶಾಲೆಯದು ಮಾತ್ರ."

"ಅದೇ ಅಂದೆ. ನೀವು ಅವರಿಗೆ ಒಂದ್ ಮಾತು ಅಂದಿದ್ರೆ ಕೇಳೋರು. ನಿಮ್ ಮಾತು ಕೇಳ್ತಾರಲ್ಲ."

ಆ ಕೊನೆಯ ಮಾತಿನಲ್ಲಿ ಒಂದು ಕೊಂಕಿತ್ತು. ಆರನೆಯ ಪ್ರಶ್ನೆ ಸೇರಿಸಿದ್ದನ್ನೂ ಹೇಳಿದೆ. "ಅಂಗಾರೆ ಎಸರು ಕತ್ತರ್ಸಿದ್ದು ಯಾಕೆ ಟೀಚರ್?" ಎಂದಳು. ಕಾಫಿ ಕುಡಿಯದೆ ಹೋದಳು.

ಈ ಜನಕ್ಕೆ ಎಷ್ಟು ಮಾಡಿದರೂ ಅನುಮಾನ.

ನವೆಂಬರ್ 30, ಭಾನುವಾರ

ಹರ್ಷನ ಕಾರಿನಲ್ಲಿ ಏಳು ಊರು ತಿರುಗಿದೆವು. ಕೊಯ್ಲು ನಡೆಯುತ್ತಿದೆ, ಜನ ಗದ್ದೆಯಲ್ಲೇ ನಿಂತು ನಮ್ಮ ಮಾತು ಕೇಳಿದರು. ನಾಲ್ಕು ಕಡೆ ನಾನು ಮಾತಾಡಿದೆ. ವಾಪಸು ಬರುವಾಗ ಭಾನುಪ್ರಿಯಾ ಕಡೆಯ ಜೀಪು ಬೇಕೆಂದೇ ಧೂಳೆಬ್ಬಿಸಿಕೊಂಡು ಹೋಯಿತು. ಅವರ ಬುದ್ಧಿಯೇ ಅಷ್ಟು.

ಆಕೆಗೆ ಅರವತ್ತನಾಲ್ಕು ಕೊಡಿಸಿದ ಆ ಹಾಳೆಯನ್ನು ಬರೆದವರು ಯಾರು? ಶಾಂತಿ. ಎಲ್ಲವನ್ನೂ ಬರೆದಿದ್ದಳೋ, ಬೇಕಾದ್ದನ್ನಷ್ಟೇ ಬರೆದಿದ್ದಳೋ? ಈ ಪ್ರಶ್ನೆ ಹರ್ಷ ಕೇಳುವವರೆಗೂ ನನಗೆ ಹೊಳೆದಿರಲಿಲ್ಲ.

ಡಿಸೆಂಬರ್ 3, ಬುಧವಾರ

ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ.

ಡೇರಿ ಮುಂದೆ ನಮ್ಮ ಸಭೆ. ಸಂಜೆ ನಾಲ್ಕು ಗಂಟೆ, ಬಿಸಿಲಿತ್ತು. ನಾನು ವೇದಿಕೆಯ ಮೇಲೆ ಎರಡನೆಯ ಕುರ್ಚಿಯಲ್ಲಿದ್ದೆ. ಪುಟ್ಟರಾಜು ಮಾತು ಮುಗಿಸುವಾಗ ನಾಗೇಶ ಮುಂದೆ ಬಂದು ನಿಂತ. ಎರಡು ಕೈಯನ್ನೂ ಮುಗಿದುಕೊಂಡೇ ಕೇಳಿದ.

"ಸಾ, ಫಿಲ್ಟರ್ ನೀರಿನ ಮನೆಗೆ ಮೂರ್ ವರ್ಸದಿಂದ ಬೀಗ ಆಕವ್ರೆ. ಮಿಸೀನು ಬಂದೇ ಇಲ್ಲ, ಬಂದದೆ ಅಂತ ಬರ್ಕಂಡವ್ರೆ. ಇದ್ಕೆ ಒಂದ್ ಉತ್ತರ ಕೊಟ್ಬುಟ್ಟು ಓಟು ಕೇಳಿ ಸಾ."

ಪುಟ್ಟರಾಜು ಅವರ ತಂಗಿಯ ಮಗ ಮನು ವೇದಿಕೆ ಇಳಿದು ಹೋದ. "ನೀರ್ ಬುಡೋನು ನೀನು, ನಿಂಗ್ಯಾಕಲಾ ಲೆಕ್ಕ?" ಎಂದು ಎದೆಗೆ ನೂಕಿದ. ನಾಗೇಶ ಬೀಳಲಿಲ್ಲ. "ಊರೋನು ಕಣಣ್ಣ ನಾನೂವೆ, ಕೇಳ್ತೀನಿ" ಎಂದ. ಮನು ಮೈಕಿನ ಸ್ಟ್ಯಾಂಡು ಕಿತ್ತು ಮುಖಕ್ಕೆ ಬೀಸಿದ. ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲ ನಾಗೇಶ ನೆಲದಲ್ಲಿದ್ದ.

ನಾನು ಹತ್ತು ಅಡಿ ದೂರದಲ್ಲಿದ್ದೆ. ಏಳಲು ಹೋದೆ, ಮಂಡಿ ಹಿಡಿದುಕೊಂಡಿತು. ಕೂಗಿದೆನೋ ಇಲ್ಲವೋ ನೆನಪಿಲ್ಲ. ಶಾಂತಿ ಗ್ರಂಥಾಲಯದಿಂದ ಓಡಿ ಬಂದಳು. ತಮ್ಮನನ್ನು ಆಟೋಗೆ ಹತ್ತಿಸುವಾಗ ಒಂದೇ ಒಂದು ಸಲ ನನ್ನ ಕಡೆ ನೋಡಿದಳು.

ಡಿಸೆಂಬರ್ 4, ಗುರುವಾರ

ನಾಗೇಶನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ. ಕಣ್ಣಿಗೆ ಪೆಟ್ಟಂತೆ. ಹೋಗಿ ನೋಡಬೇಕು.

ಮಧ್ಯಾಹ್ನ ಹರ್ಷ ಬಂದ. ಕಣ್ಣು ಕೆಂಪಾಗಿತ್ತು, ನಿದ್ದೆಯಿಲ್ಲ. "ಟೀಚರ್, ಅವನನ್ನ ಕಳಿಸಿದ್ದು ಭಾನುಪ್ರಿಯಾ ಕಡೆಯೋರು. ಗಲಾಟೆ ಮಾಡಿಸೋಕೇ ಕಳಿಸಿದ್ದು. ಕೈಲಿ ಕಲ್ಲಿತ್ತಂತೆ. ನೀವು ಹತ್ರ ಇದ್ರಲ್ಲ, ನೋಡ್ಲಿಲ್ವಾ?"

ಕಲ್ಲು ನಾನು ಕಾಣಲಿಲ್ಲ ಎಂದೆ.

"ನೀವು ಮನೂನ ನೋಡ್ತಿದ್ರಿ, ಅದಕ್ಕೆ ಕಂಡಿಲ್ಲ. ಬೇಕಾದಷ್ಟು ಜನ ನೋಡಿದಾರೆ."

ಇರಬಹುದು. ಎರಡೂ ಕಡೆ ಒಟ್ಟಿಗೆ ನೋಡಲು ಯಾರಿಗೂ ಸಾಧ್ಯವಿಲ್ಲ.

ಡಿಸೆಂಬರ್ 6, ಶನಿವಾರ

ಹಾಸನಕ್ಕೆ ಹೋಗಲಾಗಲಿಲ್ಲ. ಚುನಾವಣೆ ಹೊತ್ತಿನಲ್ಲಿ ನಾನು ಅಲ್ಲಿ ಕಂಡರೆ ಭಾನುಪ್ರಿಯಾ ಕಡೆಯವರು ಫೋಟೋ ತೆಗೆದು ಹಾಕುತ್ತಾರೆ.

ಪೊಲೀಸಿನವರು ವೇದಿಕೆಯ ಮೇಲಿದ್ದವರೆಲ್ಲರ ಹೇಳಿಕೆ ಪಡೆಯುತ್ತಿದ್ದಾರೆ. ಹರ್ಷ ಹೇಳುವ ಪ್ರಕಾರ ದಲಿತರ ಮೇಲಿನ ದೌರ್ಜನ್ಯದ ಕೇಸು ಗಟ್ಟಿಯಾದರೆ ಮನುಗೆ ಜಾಮೀನೂ ಸಿಗುವುದಿಲ್ಲ. ಮನುಗೆ ಇಪ್ಪತ್ತನಾಲ್ಕು ವರ್ಷ. ಒಂದು ಕ್ಷಣದ ಸಿಟ್ಟಿಗೆ ಇಡೀ ಜೀವನ ಹೋಗಬೇಕೇ? ಹುಡುಗನ ತಾಯಿ ಬಂದು ನನ್ನ ಅಡುಗೆಮನೆ ಬಾಗಿಲಲ್ಲಿ ಕೂತು ಅತ್ತರು.

ಯೋಚಿಸಿದರೆ ನಾಗೇಶನ ಕೈಯಲ್ಲಿ ಏನೋ ಇದ್ದ ಹಾಗೆ ನನಗೂ ನೆನಪಾಗುತ್ತಿದೆ. ಬೂದು ಬಣ್ಣದ್ದು.

ಡಿಸೆಂಬರ್ 8, ಸೋಮವಾರ

ಹೇಳಿಕೆ ಕೊಟ್ಟೆ. ಪೊಲೀಸಿನವರು ಮನೆಗೇ ಬಂದಿದ್ದರು. ಮರ್ಯಾದಸ್ಥರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನಾಗೇಶ ಬಲಗೈಯಲ್ಲಿ ಕಲ್ಲು ಎತ್ತಿ ಹಿಡಿದು ವೇದಿಕೆಯತ್ತ ನುಗ್ಗಿದ, ಮನು ತಡೆಯಲು ಹೋದ, ನೂಕಾಟದಲ್ಲಿ ಸ್ಟ್ಯಾಂಡು ಬಿದ್ದು ಪೆಟ್ಟಾಯಿತು. ಬರೆದುಕೊಂಡವರು ಓದಿ ಹೇಳಿದರು. ಎರಡು ಕಡೆ ಕಾಗುಣಿತ ತಿದ್ದಿಸಿ ಸಹಿ ಮಾಡಿದೆ.

ಮನಸ್ಸು ಹಗುರಾಗಿದೆ. ನಾನು ಯಾರ ಪರವೂ ಹೇಳಿಲ್ಲ, ನಡೆದದ್ದನ್ನು ಹೇಳಿದೆ.

ಡಿಸೆಂಬರ್ 14, ಭಾನುವಾರ

ಬೆಳಿಗ್ಗೆ ಏಳಕ್ಕೇ ಮತ ಹಾಕಿದೆ. ಯೋಚಿಸುವುದೇನೂ ಇರಲಿಲ್ಲ.

ಡಿಸೆಂಬರ್ 17, ಬುಧವಾರ

ಗೆದ್ದೆವು. ಸಾವಿರದ ನೂರ ಹನ್ನೆರಡು ಮತಗಳ ಅಂತರ.

ಡಿಸೆಂಬರ್ 28, ಭಾನುವಾರ

ಹೊಳೆನರಸೀಪುರದಲ್ಲಿ ವಿಜಯೋತ್ಸವದ ಊಟ. ನನಗೂ ಶಾಲು ಹೊದಿಸಿದರು. ಬರುವಾಗ ಮಾತ್ರೆ ನಾನೇ ತಂದೆ. ಅಂಗಡಿಯವನು "ಯಾವಾಗ್ಲೂ ತಗೋತಿದ್ದ ಮೇಡಮ್ ಬರ್ಲಿಲ್ವಾ?" ಎಂದ. ಕೆಲಸದಲ್ಲಿದ್ದಾಳೆ ಎಂದೆ.

ನಾಗೇಶನ ಎಡಗಣ್ಣು ತೆಗೆದುಬಿಟ್ಟರಂತೆ. ಹಲ್ಲೆಗೆ ಯತ್ನಿಸಿದನೆಂದು ಅವನ ಮೇಲೂ ಎದುರು ಕೇಸಾಗಿದೆ. ಕೇಸಿದೆಯೆಂದು ಪಂಚಾಯಿತಿ ಅವನನ್ನು ಕೆಲಸದಿಂದ ಬಿಡಿಸಿದೆ. ಕೇಳಿ ಬೇಸರವಾಯಿತು. ಒಳ್ಳೆಯ ಹುಡುಗ. ಅವರಿವರ ಮಾತು ಕೇಳಿ ಹಾಳಾದ.

ನೀರಿನ ಘಟಕದ ಬಗ್ಗೆ ಹರ್ಷನಿಗೆ ಮೆಲ್ಲಗೆ ಹೇಳಿದೆ. "ಸ್ವಲ್ಪ ಟೈಮ್ ಕೊಡಿ ಟೀಚರ್" ಎಂದ. ಹೌದು, ಹಿಂದಿನ ಸಲ ಅಧಿಕಾರಿಗಳು ಸಹಕರಿಸಲಿಲ್ಲ. ಎಲ್ಲವನ್ನೂ ಒಬ್ಬ ಸದಸ್ಯರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಜನವರಿ 11, ಭಾನುವಾರ

ಇವತ್ತು ಶಾಂತಿ ಬಂದಿದ್ದಳು. ನಲವತ್ತೈದು ದಿನದ ಮೇಲೆ.

ಹತ್ತು ಗಂಟೆ ಇರಬೇಕು. ಒಳಗೆ ಕರೆದೆ, ಬರಲಿಲ್ಲ. ಜಗಲಿಯ ಮೇಲೂ ಕೂರಲಿಲ್ಲ. ಕೈಯಲ್ಲಿ ಕೇಸಿನ ಕಾಗದಗಳ ನಕಲಿತ್ತು, ನನ್ನ ಹೇಳಿಕೆಯೂ ಅದರಲ್ಲಿತ್ತು. ಸೊರಗಿದ್ದಾಳೆ.

"ಹೇಗಿದ್ದಾನೆ ನಾಗೇಶ?"

"ಅಂಗೇ ಅವ್ನೆ ಟೀಚರ್."

ನಾನೇ ಹೇಳಿದೆ. "ನೋಡಮ್ಮ ಶಾಂತಿ, ನನಗೆ ಅವನ ಮೇಲೆ ಯಾವ ದ್ವೇಷವೂ ಇಲ್ಲ. ಕಂಡದ್ದನ್ನು ಹೇಳಿದೆ. ಕಲ್ಲು ಹಿಡಿದು ಬರಬಾರದಿತ್ತು ಅವನು."

"ನಾನು ಜಗಳಕ್ ಬಂದಿಲ್ಲ ಟೀಚರ್. ನೀವು ಯಾರಿಗ್ ಓಟಾಕಿದ್ರಿ ಅಂತಾನೂ ಕೇಳಾಕ್ ಬಂದಿಲ್ಲ, ಅದು ನಿಮ್ದು. ಒಂದೇ ಮಾತು ಕೇಳ್ತೀನಿ. ಯಾವ ಕೈಲಿತ್ತು ಕಲ್ಲು?"

"ಬರೆದಿದೆಯಲ್ಲ. ಬಲಗೈ."

"ನೀವು ಕಂಡ್ರಾ?"

"ಕಂಡೆ."

ಅವಳು ಕಾಗದ ಮಡಿಸಿದಳು.

"ಅವನು ಎಡಚ ಟೀಚರ್. ನಮ್ಮಪ್ಪ ಎಂಟನೇ ಕ್ಲಾಸಿಗೆ ಸೇರ್ಸಾಕೆ ಕರ್ಕಂಬಂದಾಗ ನಿಮ್ ಮುಂದೆ ಕೈ ಮುಗ್ಕಂಡ್ ನಿಂತ್ಕಂಡಿದ್ದ. ಈ ಮಗ ಎಡಗೈಲಿ ಬರೀತದೆ, ಅದ್ಕೆ ಒಡೀಬ್ಯಾಡಿ ಅಂತ. ಎಡಗೈಲಿ ಬರೆದ್ರೆ ಲೆಕ್ಕದ ಉತ್ತರ ಏನ್ ಬದಲಾಯ್ತದಾ ಹುಚ್ಚಯ್ಯ, ಬರೀಲಿ ಬುಡು ಅಂದ್ರಿ ನೀವು. ನಮ್ಮಪ್ಪ ಅದ್ನ ಇವತ್ಗೂ ಏಳ್ತದೆ."

 

"ಬತ್ತೀನಿ ಟೀಚರ್" ಎಂದು ಹೊರಟಳು. ಡೇರಿಯ ತಿರುವಿನವರೆಗೂ ಕಾಣುತ್ತಿದ್ದಳು. ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದುಕೊಂಡಿದ್ದಳು. ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ. ಕೂತು ಯೋಚಿಸಿದೆ. ಎಡಗೈಯಲ್ಲಿ ಬರೆಯುವವನು ಬಲಗೈಯಲ್ಲಿ ಕಲ್ಲು ಹಿಡಿಯಬಾರದೆಂದೇನಿಲ್ಲ. ಎಷ್ಟೋ ಎಡಚರು ಊಟ ಬಲಗೈಯಲ್ಲೇ ಮಾಡುತ್ತಾರೆ. ಅಥವಾ ನಾನು ಎದುರಿಗೆ ಕೂತಿದ್ದರಿಂದ ಎಡಬಲ ಅದಲುಬದಲಾಗಿರಬಹುದು. ಹಾಗೇ ಆಗಿರಬೇಕು. ಗಾಬರಿಯಲ್ಲಿ ಯಾರಿಗಾದರೂ ಆಗುವಂಥದ್ದು.

ಆದರೂ ಕೋರ್ಟಿನಲ್ಲಿ ಅವರ ವಕೀಲರು ಇದನ್ನೇ ಹಿಡಿದು ಎಳೆದಾಡುತ್ತಾರೆ. ನಾಳೆ ಬೆಳಿಗ್ಗೆ ಮೊದಲು ಹರ್ಷನಿಗೆ ಫೋನು ಮಾಡಬೇಕು. ಹೇಳಿಕೆಯಲ್ಲಿ "ಬಲಗೈ" ಎಂದಿರುವುದನ್ನು "ಕೈ" ಎಂದಷ್ಟೇ ಮಾಡಿಸಲು ಬರುತ್ತದೆಯೇ, ಕೇಳಲಿ.